‘ಅಸಭ್ಯವಾಗಿ ವರ್ತಿಸಿದರು’ ಅಂತ ಬರೆದರೆ ಸಾಲದು

ಮದ್ದೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಹೆಣ್ಣುಮಗಳೊಬ್ಬಳು ದೀಪಾವಳಿ ಕಳೆದ ವಾರ ಮಂಡ್ಯದ ನನ್ನ ವಕೀಲಿ ಆಫೀಸಿಗೆ ಬಂದಳು. ಕೈಯಲ್ಲಿ ಟೈಪ್ ಮಾಡಿಸಿದ ಅರ್ಜಿ. ‘ಸದರಿ ಮೇಲ್ವಿಚಾರಕರು ನನ್ನೊಂದಿಗೆ ಅಸಭ್ಯವಾಗಿ ವರ್ತಿಸುತ್ತಾ ಮಾನಸಿಕ ಕಿರುಕುಳ ನೀಡುತ್ತಿದ್ದು, ತಾವು ಸೂಕ್ತ ಕ್ರಮ ಜರುಗಿಸಬೇಕಾಗಿ ಪ್ರಾರ್ಥನೆ.’ ಇಷ್ಟೇ. ಹೆಸರು ಬದಲಿಸಿದರೆ ಯಾವ ಫ್ಯಾಕ್ಟರಿಗಾದರೂ ನಡೆಯುತ್ತದೆ. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.)

‘ಏನು ಮಾಡ್ದ, ಹೇಳವ್ವ’ ಅಂದೆ. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಳು. ಆಮೇಲೆ ಹೇಳಿದಳು: ‘ಬಾಬಿನ್ ಬದಲಾಯಿಸ್ತಿದ್ದೆ ಮೇಡಂ. ಹಿಂದ್ಗಡೆಯಿಂದ ಬಂದು ಭುಜದ ಮೇಲೆ ಕೈ ಇಟ್ಟು, ಯಾಕಮ್ಮಿ ಪೀಸ್ ಕಮ್ಮಿ ಬತ್ತಾವೆ, ರಾತ್ರಿ ನಿನ್ ಗಂಡ ನಿದ್ದೆ ಮಾಡಕ್ಕೆ ಬಿಡ್ಲಿಲ್ವಾ ಅಂದ. ಪಕ್ಕದ ಮಿಷನ್ನವರೂ ಕೇಳಿಸ್ಕೊಂಡ್ರು.’

ದೂರು ಅಂದರೆ ಇದು. ‘ಅಸಭ್ಯ’ ಎಂಬ ಮಾತಿಗೆ ಆತ ‘ನಾನು ಹಾಗೆಲ್ಲ ಇಲ್ಲ’ ಅಂದರೆ ಮುಗಿಯಿತು. ಭುಜದ ಮೇಲಿನ ಕೈಗೆ, ಪಕ್ಕದ ಮಿಷನ್ನಿನ ಸಾಕ್ಷಿಗೆ, ಆ ಒಂದು ವಾಕ್ಯಕ್ಕೆ ಅವನು ಉತ್ತರ ಕೊಡಲೇಬೇಕು. ನಮ್ಮ ಹೆಣ್ಣುಮಕ್ಕಳು ಅವನ ಮಾತನ್ನು ತಾವೇ ತೊಳೆದು, ಇಸ್ತ್ರಿ ಮಾಡಿ, ಗ್ರಂಥದ ಕನ್ನಡದಲ್ಲಿ ಮಡಚಿ ಕೊಡುತ್ತಾರೆ. ಹಾಗೆ ತೊಳೆಯುವಾಗ ಸಾಕ್ಷ್ಯವೂ ನೀರಿಗೆ ಹೋಗುತ್ತದೆ. ಬರೆಯಲು ನಾಚಿಕೆಯಾಗುವ ಮಾತೇ ಅರ್ಜಿಯಲ್ಲಿ ಮೊದಲು ಇರಬೇಕಾದ ಮಾತು.

ಇನ್ನು ದಿನಾಂಕ. ‘ಯಾವತ್ತು?’ ಅಂದರೆ ‘ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗಿ ಬಂದೆವಲ್ಲ, ಅದರ ಮಾರನೇ ದಿನ’ ಅಂದಳು. ಇದರಲ್ಲಿ ತಪ್ಪೇನಿಲ್ಲ. ಒಂಟಿಕೊಪ್ಪಲ್ ಪಂಚಾಂಗ ತೆಗೆದು ತಾರೀಕು ಹುಡುಕಿ ಬರೆದುಕೊಂಡೆವು. ಆದರೆ ಲೆಕ್ಕ ಹಾಕಿದರೆ ಮೂರು ತಿಂಗಳು ದಾಟಿತ್ತು. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡಕ್ಕೆ ತಕ್ಕ ಕಾರಣವಿದ್ದರೆ ದೂರು ವಿಚಾರಿಸುವ ಸಮಿತಿ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ‘ಆಮೇಲೆ ಏನೂ ಆಗಲಿಲ್ವಾ?’ ಎಂದು ಕೇಳಿದೆ. ಆಗಿತ್ತು. ಗೌರಿ ಹಬ್ಬಕ್ಕೆ ರಜೆ ಕೇಳಲು ಹೋದಾಗ ‘ನನ್ ಮಾತು ಕೇಳಿದ್ರೆ ರಜೆ’ ಅಂದಿದ್ದ. ಇವಳು ತಿರುಗಿ ಬಂದ ಮಾರನೇ ದಿನದಿಂದ ಗಂಟೆಗೆ 60 ಪೀಸ್ ಇದ್ದ ಟಾರ್ಗೆಟ್ 80 ಆಯಿತು. ಘಟನೆಗಳು ಸರಣಿಯಾಗಿದ್ದರೆ ಕೊನೆಯ ಘಟನೆಯಿಂದ ಲೆಕ್ಕ, ಹಾಗಾಗಿ ಅವಧಿ ಉಳಿಯಿತು. ಟಾರ್ಗೆಟ್ ಏರಿಸಿದ್ದನ್ನು ಅವಳು ‘ಕೆಲಸದ ವಿಷಯ’ ಅಂದುಕೊಂಡು ಬಿಟ್ಟೇಬಿಟ್ಟಿದ್ದಳು. ಒಪ್ಪದಿದ್ದವಳಿಗೆ ಕೆಲಸದಲ್ಲಿ ತೊಂದರೆ ಕೊಡುವುದನ್ನೂ ಕಾಯ್ದೆ ಲೈಂಗಿಕ ಕಿರುಕುಳದ ಭಾಗವಾಗಿಯೇ ನೋಡುತ್ತದೆ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕೆ ಹೆಂಗಸೇ ಅಧ್ಯಕ್ಷೆ. ಮೈಸೂರಿನ ದೇವರಾಜ ಅರಸು ರಸ್ತೆಯ ನಾಲ್ಕು ಜನರ ಬಟ್ಟೆ ಅಂಗಡಿಯಾದರೆ, ಮನೆಗೆಲಸವಾದರೆ ಅಥವಾ ಮಾಲೀಕನ ಮೇಲೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ. ಕಂಪನಿಯೇ ಓಡಿಸುವ ವ್ಯಾನಿನಲ್ಲಿ ನಡೆದದ್ದೂ ಕೆಲಸದ ಸ್ಥಳದಲ್ಲಿ ನಡೆದದ್ದೇ. ಎಚ್‌ಆರ್‌ ಕಿವಿಗೆ ಹಾಕಿದರೆ ದೂರು ಕೊಟ್ಟಂತಲ್ಲ. ಬರೆಯಲು ಬಾರದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ಅಲ್ಲಿ ಪಕ್ಷಗಾರರ ಪರ ವಕೀಲರು ವಾದಿಸುವಂತಿಲ್ಲ. ನನ್ನ ಹೊಟ್ಟೆಪಾಡಿಗೆ ಅಡ್ಡ ಬರುವ ನಿಯಮ, ಆದರೂ ಒಳ್ಳೆಯ ನಿಯಮ.

ಜಾತಿ ಹಿಡಿದು ಬೈದದ್ದು, ಸಂಬಳ ಬಾಕಿ, ಬೋನಸ್ ಎಲ್ಲವನ್ನೂ ಇದೇ ಅರ್ಜಿಗೆ ತುಂಬಬೇಡಿ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ಜಾತಿ ನಿಂದನೆಗೆ 1989ರ ಕಾಯ್ದೆಯಿದೆ, ಅದರ ದಾರಿ ಪೊಲೀಸ್ ಠಾಣೆಯದು. ಲೈಂಗಿಕ ಕಿರುಕುಳಕ್ಕೂ ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಅಡಿ ಠಾಣೆಯಲ್ಲಿ ಬೇರೆಯಾಗಿ ದೂರು ಕೊಡಬಹುದು, ಸಮಿತಿಯ ವಿಚಾರಣೆ ಅದಕ್ಕೆ ಅಡ್ಡಿಯಲ್ಲ.

ಅವಳಿಗೆ ಇದ್ದ ಭಯ ಒಂದೇ: ‘ಸಾಬೀತಾಗದೆ ಹೋದ್ರೆ ನನ್ ಮೇಲೇ ಕೇಸ್ ಹಾಕ್ತಾರಂತೆ.’ ಯಾರೋ ಹಬ್ಬಿಸಿದ ಮಾತು. ಸಾಬೀತು ಮಾಡಲಾಗದ್ದು ಬೇರೆ, ಗೊತ್ತಿದ್ದೂ ಸುಳ್ಳು ಹೇಳಿದ್ದು ಬೇರೆ ಎಂದು 2013ರ ಕಾಯ್ದೆಯ 14ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ. ಇನ್ನೊಂದು ಕಾಟ ಊರ ಹಿರಿಯರದು, ‘ಐದೋ ಹತ್ತೋ ಸಾವಿರ ಕೊಡಿಸ್ತೀವಿ, ಮುಗಿಸಿ’ ಎಂಬುದು. ವಿಚಾರಣೆಗೆ ಮುಂಚೆ ರಾಜಿಗೆ ಅವಕಾಶವಿದೆ, ಆದರೆ ಕೇಳಬೇಕಾದವಳು ಅವಳೇ, ಮತ್ತು ದುಡ್ಡಿನ ಮೇಲೆ ರಾಜಿ ಆಗುವಂತಿಲ್ಲ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಅವನ ಕೈಕೆಳಗೇ ಕೂರಲಾರೆ ಅಂದರೆ ಇಬ್ಬರಲ್ಲಿ ಒಬ್ಬರ ವರ್ಗಾವಣೆ ಅಥವಾ ಮೂರು ತಿಂಗಳವರೆಗಿನ ರಜೆಯನ್ನು ಬರೆದು ಕೇಳಬಹುದು. ನಾನಂತೂ ಅವನನ್ನೇ ಎತ್ತಂಗಡಿ ಮಾಡಿ ಎಂದು ಕೇಳಿ ಅನ್ನುತ್ತೇನೆ. ಲೈನ್ ಬದಲಾದ ಹೆಂಗಸಿನದೇ ತಪ್ಪು ಅಂತ ಫ್ಲೋರಿನಲ್ಲಿ ಮಾತಾಡಿಕೊಳ್ಳುತ್ತಾರೆ.

ಅರ್ಜಿ ಹೊಸದಾಗಿ ಬರೆದೆವು. ಟೈಪ್ ಮಾಡುವವರು ‘ಇದನ್ನೆಲ್ಲ ಹೀಗೇ ಹೊಡೀಬೇಕಾ ಮೇಡಂ?’ ಎಂದು ಎರಡು ಸಲ ಕೇಳಿದರು. ಆದರೂ ‘ಬಿಡ್ಲಿಲ್ವಾ’ ಎಂಬುದನ್ನು ‘ಬಿಡಲಿಲ್ಲವೇ’ ಮಾಡಿದ್ದರು, ತಿದ್ದಿಸಿದೆ. ಸಮಿತಿಗೆ ಆರು ಪ್ರತಿ, ಜೊತೆಗೆ ಸಾಕ್ಷಿಗಳ ಹೆಸರು, ವಿಳಾಸ. ಏಳನೆಯ ಪ್ರತಿ ಅವಳಿಗೆ, ಅದರ ಮೇಲೆ ದಿನಾಂಕ ಹಾಕಿಸಿ ಸೀಲು, ಸಹಿ ಪಡೆದೇ ಬರಬೇಕು ಎಂದು ಹೇಳಿ ಕಳಿಸಿದೆ. ಸೀಲ್ ಹಾಕುವವರು ರಜೆ ಅಂದರಂತೆ. ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ನನ್ನ ಫೋನಿಗೆ ಕಳಿಸಿದ್ದಳು.