ಲಾಳ ಸಡಿಲವೋ, ಬಿಗಿಯೋ?

"ಕ್ಲಾಗಿಂಗ್ ಅಂದ್ರೆ ಹಳ್ಳಿ ಟ್ಯಾಪ್ ಡಾನ್ಸ್ ತಾನೆ?" ಈ ಮಾತು ಕೇಳಿದಾಗಲೆಲ್ಲ ನನಗೆ ಸುಮ್ನೆ ಇರಲು ಆಗುವುದಿಲ್ಲ. ಯಕ್ಷಗಾನವನ್ನು 'ಕುಣಿಯೋ ನಾಟಕ' ಅಂದುಬಿಟ್ಟ ಹಾಗೆ ಅದು. ಪೂರ್ತಿ ಸುಳ್ಳಲ್ಲ. ಆದರೆ ಆ ಮಾತು ಒಪ್ಪಿಕೊಂಡವರು ಮುಂದೆ ಏನನ್ನೂ ಗಮನವಿಟ್ಟು ನೋಡುವುದಿಲ್ಲ.

ಎರಡೂ ಅಮೆರಿಕದಲ್ಲಿ ಬೆಳೆದ ಕುಣಿತಗಳೇ, ಕ್ಲಾಗಿಂಗ್ ಅಲ್ಲಿನ ಬೆಟ್ಟಸೀಮೆಯದು. ಎರಡರಲ್ಲೂ ಬೂಟಿನ ಅಡಿಯ ಲೋಹ ನೆಲಕ್ಕೆ ಬಡಿದು ತಾಳದ ಸದ್ದು ಬರುತ್ತದೆ. ವ್ಯತ್ಯಾಸ ತಿಳಿಯಲು ನೋಡುವುದೂ ಬೇಡ, ಕಣ್ಣು ಮುಚ್ಚಿ ಕೇಳಿ. ಒಳ್ಳೆಯ ಟ್ಯಾಪ್ ನರ್ತಕರ ಹೆಜ್ಜೆ 'ಟಕ್, ಟಕ, ಟಕಿಟ' ಎಂದು ಬಿಡಿಬಿಡಿಯಾಗಿ ಬರುತ್ತದೆ. ಒಂದೊಂದು ಪೆಟ್ಟನ್ನೂ ಎಣಿಸಬಹುದು. ಕ್ಲಾಗಿಂಗ್ ತಂಡದ್ದು 'ಝಣಕ್, ಝಣಕ್'. ಪ್ರತಿ ಪೆಟ್ಟಿನ ಬಾಲಕ್ಕೂ ಒಂದಿಷ್ಟು ಚಿಲ್ಲರೆ ಸದ್ದು ಅಂಟಿಕೊಂಡಿರುತ್ತದೆ, ಜೇಬಲ್ಲಿ ನಾಣ್ಯ ಇಟ್ಟುಕೊಂಡು ಓಡಿದ ಹಾಗೆ.

ಕಾರಣ ಬೂಟಿನ ಅಡಿಯಲ್ಲಿದೆ. ಟ್ಯಾಪ್ ಬೂಟಿನ ಮುಂಗಾಲಿಗೆ ಒಂದು, ಹಿಮ್ಮಡಿಗೆ ಒಂದು ಲೋಹದ ಲಾಳ. ಸಾಮಾನ್ಯವಾಗಿ ಅಲ್ಯೂಮಿನಿಯಂದು. ಎತ್ತಿನ ಗೊರಸಿಗೆ ಹೊಡೆಯುವ ಲಾಳದ ಹಾಗೇ ಬಿಗಿಯಾಗಿ ಕೂತಿರುತ್ತದೆ. ಇವತ್ತಿನ ಬಹುಪಾಲು ಕ್ಲಾಗಿಂಗ್ ಬೂಟಿನಲ್ಲಿ ಅದೇ ಜಾಗದಲ್ಲಿ ಎರಡೆರಡು ಲಾಳ. ಒಂದು ಅಟ್ಟೆಗೆ ಗಟ್ಟಿಯಾಗಿ ಅಂಟಿದ್ದು. ಇನ್ನೊಂದು ಅದಕ್ಕೆ ರಿವೆಟ್‌ನಲ್ಲಿ ಸಡಿಲವಾಗಿ ನೇತಾಡುವುದು. ಇದಕ್ಕೆ ಜಿಂಗಲ್ ಟ್ಯಾಪ್ ಎನ್ನುತ್ತಾರೆ. ಕಾಲು ನೆಲಕ್ಕೆ ತಾಗಿದಾಗ ಮೊದಲು ಸಡಿಲ ಲಾಳ ನೆಲಕ್ಕೆ ಬಡಿಯುತ್ತದೆ. ಹಿಂದೆಯೇ ಗಟ್ಟಿ ಲಾಳ ಬಂದು ಅದರ ಬೆನ್ನಿಗೆ ಬಡಿಯುತ್ತದೆ. ಕಾಲು ಎತ್ತುವಾಗ ಸಡಿಲದ್ದು ಮತ್ತೆ ಅಲುಗುತ್ತದೆ. ಕುದಿಯುವ ಅನ್ನದ ಪಾತ್ರೆಯ ಮುಚ್ಚಳ ನೆನಪಿಸಿಕೊಳ್ಳಿ, ಅಷ್ಟೇ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಎರಡು ಲಾಳಗಳ ನಡುವೆ ಒಂದು ಮಿಲಿಮೀಟರ್ ಜಾಗ ಇದೆ ಅಂದುಕೊಳ್ಳಿ. ಪಾದ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಇಳಿಯುತ್ತಿದೆ. ಹಾಗಿದ್ದರೆ ಎರಡು ಬಡಿತದ ನಡುವಿನ ಹೊತ್ತು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ, ಅಂದರೆ ಒಂದು ಮಿಲಿಸೆಕೆಂಡ್. ಎರಡು ಸದ್ದಿನ ನಡುವೆ ಬಿಡುವಿದೆ ಎಂದು ನಮ್ಮ ಕಿವಿಗೆ ಗೊತ್ತಾಗಲು 2-3 ಮಿಲಿಸೆಕೆಂಡಾದರೂ ಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ಸುಮಾರು 20 ಬೇಕು. ಹಾಗಾಗಿ ಕಿವಿ ಇದನ್ನು ಎರಡು ಪೆಟ್ಟು ಎಂದು ಎಣಿಸುವುದೇ ಇಲ್ಲ. ಒಂದೇ ಪೆಟ್ಟು, ಆದರೆ ತರಿತರಿಯಾದ ಪೆಟ್ಟು.

ತಂಡದಲ್ಲಿ ಕುಣಿಯುವವರಿಗೆ ಇದು ವರ ಎಂಬುದು ನನ್ನ ವಾದ. ಹತ್ತು ಜನ ಒಟ್ಟಿಗೆ ಹೆಜ್ಜೆ ಹಾಕಿದರೆ ಅಲ್ಪಸ್ವಲ್ಪ ಹಿಂದೆಮುಂದೆ ಆಗಿಯೇ ಆಗುತ್ತದೆ. ಬಿಗಿ ಲಾಳದಲ್ಲಿ ಅದು ಕೂಡಲೇ ಸಿಕ್ಕಿಬೀಳುತ್ತದೆ. ಸಡಿಲ ಲಾಳದ ಝಣಝಣದಲ್ಲಿ ಆ ತಪ್ಪು ಕರಗಿಹೋಗುತ್ತದೆ. ಕ್ಲಾಗಿಂಗ್ ತಂಡದ ಕುಣಿತವಾಗಿ ಬೆಳೆದದ್ದಕ್ಕೂ ಟ್ಯಾಪ್‌ನ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವು ಒಂಟಿ ನರ್ತಕರದ್ದಾಗಿರುವುದಕ್ಕೂ ಇದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಹೊಂದಿಕೆ ಚೆನ್ನಾಗಿದೆ, ಅಲ್ವಾ?

ಸದ್ದು ಮಾಡುವುದು ಲಾಳ ಎಂಬುದು ಇನ್ನೊಂದು ಅರ್ಧಸತ್ಯ. ಅಂಗೈಗಿಂತ ಚಿಕ್ಕ ಲೋಹದ ತುಂಡು ಗಾಳಿಯನ್ನು ಎಷ್ಟು ಅಲುಗಿಸೀತು? ಜೋರಾಗಿ ಕೂಗುವುದು ಹಲಗೆಯ ನೆಲ. ಫೋನನ್ನು ಹಾಸಿಗೆ ಮೇಲೆ ಇಟ್ಟಾಗ ವೈಬ್ರೇಟರ್ ಸದ್ದು ಕೇಳುವುದೇ ಇಲ್ಲ, ಮರದ ಮೇಜಿನ ಮೇಲಿಟ್ಟರೆ ಇಡೀ ಮನೆಗೆ ಕೇಳುತ್ತದೆ. ತಂಬೂರಿಯ ತಂತಿಯೂ ಹಾಗೇ, ಬುರುಡೆ ಇಲ್ಲದಿದ್ದರೆ ಅದು ಬರೀ ಪಿಸುಮಾತು. ಹೆಸರಾಂತ ಟ್ಯಾಪ್ ನರ್ತಕ ಬಿಲ್ 'ಬೋಜ್ಯಾಂಗಲ್ಸ್' ರಾಬಿನ್ಸನ್ ಮೆಟ್ಟಿಲ ಮೇಲೆ ಹತ್ತಿ ಇಳಿದು ಕುಣಿಯುತ್ತಿದ್ದರು. ಒಂದೊಂದು ಮೆಟ್ಟಿಲಿಂದಲೂ ಬೇರೆಬೇರೆ ಸ್ವರ ಹೊರಡುತ್ತಿತ್ತು. 1935ರ ಒಂದು ಸಿನಿಮಾದಲ್ಲಿ ಬಾಲನಟಿ ಶರ್ಲಿ ಟೆಂಪಲ್ ಕೈಹಿಡಿದು ಅವರು ಹಾಗೆ ಕುಣಿದಿದ್ದಾರೆ. ಅಲ್ಲಿ ವಾದ್ಯ ಬೂಟಲ್ಲ, ಮೆಟ್ಟಿಲು.

ಲಾಳದ ಮಾತು ಸಾಕು. ನನಗೆ ಅದಕ್ಕಿಂತ ಇಷ್ಟವಾದ ವಿಷಯ ಬೇರೆ ಇದೆ: ನೆಲಕ್ಕೆ ಬೀಳುವುದು ಏನು?

ಕ್ಲಾಗಿಂಗ್‌ನಲ್ಲಿ ಮೈ ಬೀಳುತ್ತದೆ. ಮಂಡಿ ಮಡಚಿ ಇಡೀ ದೇಹ ಪುಟಿಯುತ್ತದೆ. ತಾಳದ ಪೆಟ್ಟು ಬಂದಾಗ ಭಾರವೆಲ್ಲ ಕೆಳಕ್ಕೆ, ಹಿಮ್ಮಡಿಗೆ ಇಳಿಯುತ್ತದೆ. ಟ್ಯಾಪ್‌ನಲ್ಲಿ ಪಾದ ಚಿಮ್ಮುತ್ತದೆ. ನರ್ತಕರು ಮುಂಗಾಲ ಮೇಲೆ ಹಗುರಾಗಿ ನಿಂತು ಹರಡನ್ನು ಸಡಿಲ ಬಿಟ್ಟಿರುತ್ತಾರೆ. ಮೈ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. 60 ಕೆಜಿ ತೂಕದವರ ಒಂದು ಪಾದದ ತೂಕ ಬರೀ 900 ಗ್ರಾಂ ಆಸುಪಾಸು, ಅಂದರೆ ನೂರಕ್ಕೆ ಒಂದೂವರೆ ಪಾಲು. 60 ಕೆಜಿಯನ್ನು ಎತ್ತಿ ಇಳಿಸುವುದು ಬೇರೆ, 900 ಗ್ರಾಂ ಅಲುಗಿಸುವುದು ಬೇರೆ.

ಬೀಳುವ ವಸ್ತುವಿಗೆ ಅವಸರ ಮಾಡಲು ಆಗುವುದಿಲ್ಲ. ಐದು ಸೆಂಟಿಮೀಟರ್ ಬೀಳಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕೇ ಬೇಕು. ಅಷ್ಟೇ ಎತ್ತರ ಪುಟಿದು ಬೀಳಲು ಅದರ ಎರಡರಷ್ಟು. ಭೂಮಿ ಎಳೆಯುವ ವೇಗ ಯಾರ ಮಾತೂ ಕೇಳುವುದಿಲ್ಲ. ಭತ್ತ ಕುಟ್ಟುವ ಒನಕೆ ನೋಡಿ. ಎತ್ತಿದ್ದು ತಾನಾಗಿ ಬೀಳುವವರೆಗೆ ಕಾಯಬೇಕು. ಆ ಕಾಯುವಿಕೆಯೇ ಕುಟ್ಟುವ ಹಾಡಿನ ಲಯ. ಉಯ್ಯಾಲೆಯನ್ನೂ ಬೇಕಾದಷ್ಟು ಬೇಗ ತೂಗಲು ಬರುವುದಿಲ್ಲ. ಆದರೆ ಮೃದಂಗದ ಮೇಲಿನ ಬೆರಳಿಗೆ ಈ ಹಂಗಿಲ್ಲ. ಅದು ಬೀಳುವುದಿಲ್ಲ, ಸ್ನಾಯು ಅದನ್ನು ಹೊಡೆಯುತ್ತದೆ. ಕ್ಲಾಗಿಂಗ್ ಒನಕೆ, ಟ್ಯಾಪ್ ಬೆರಳು.

ಹಾಗೆಂದು ಕ್ಲಾಗಿಂಗ್ ನಿಧಾನ ಎಂದುಕೊಳ್ಳಬೇಡಿ. ಮೈ ಇಳಿಯುವ ಎರಡು ಪೆಟ್ಟುಗಳ ನಡುವೆ ಮುಂಗಾಲು ಇನ್ನಷ್ಟು ಸದ್ದು ತುಂಬುತ್ತದೆ. ಆದರೆ ಯಜಮಾನ ಮಾತ್ರ ಆ ಕೆಳಗಿನ ಪೆಟ್ಟೇ. ಜೊತೆಗಿರುವುದು ಪಿಟೀಲು, ಬ್ಯಾಂಜೋಗಳ ಬೆಟ್ಟಸೀಮೆಯ ಸಂಗೀತ. ಅದರ ನೇರವಾದ ಒಂದು-ಎರಡು, ಒಂದು-ಎರಡಕ್ಕೆ ಈ ಕುಣಿತ ಸರಿಯಾಗಿ ಕೂರುತ್ತದೆ. ಟ್ಯಾಪ್ ಜಾಜ್ ಜೊತೆ ಬೆಳೆದದ್ದು. ಪೆಟ್ಟು ಬೀಳುತ್ತದೆ ಅಂದುಕೊಂಡಲ್ಲಿ ಬೀಳದೆ, ಬೇಡವೆಂದುಕೊಂಡಲ್ಲಿ ಬೀಳುವುದೇ ಅದರ ಮಜಾ. ನಮ್ಮ ತಾಳದ ಮಾತಲ್ಲಿ ಒಂದು ಸಮದಲ್ಲಿ ಕೂತರೆ ಇನ್ನೊಂದು ಅನಾಗತದಲ್ಲಿ ಓಡಾಡುತ್ತದೆ.

ಇನ್ನು ಹೆಸರಿನ ಗೊಂದಲ. ಕ್ಲಾಗ್ ಅಂದರೆ ಮರದ ಅಟ್ಟೆಯ ಬೂಟು. ಇಂಗ್ಲೆಂಡಿನ ಲ್ಯಾಂಕಶೈರ್‌ನ ಹತ್ತಿ ಗಿರಣಿ ಕೆಲಸಗಾರರ ಕಾಲಲ್ಲಿ ಅದೇ ಇರುತ್ತಿತ್ತು. ಅದನ್ನೇ ಹಾಕಿಕೊಂಡು ಕುಣಿಯುವ ಕ್ಲಾಗ್ ನೃತ್ಯ ಅಲ್ಲಿ ಜನಪ್ರಿಯವಾಯಿತು. ಚಾರ್ಲಿ ಚಾಪ್ಲಿನ್ ಮೊದಲು ರಂಗಕ್ಕೆ ಕಾಲಿಟ್ಟ ದಿನಗಳಲ್ಲಿ 'ಎಯ್ಟ್ ಲ್ಯಾಂಕಶೈರ್ ಲ್ಯಾಡ್ಸ್' ಎಂಬ ಕ್ಲಾಗ್ ಕುಣಿತದ ಹುಡುಗರ ತಂಡದಲ್ಲಿದ್ದರು. ಆದರೆ ಅಮೆರಿಕದ ಕ್ಲಾಗಿಂಗ್‌ನಲ್ಲಿ ಈಗ ಮರದ ಬೂಟಿಲ್ಲ, ಚರ್ಮದ ಬೂಟು ಮಾತ್ರ. ತಮಾಷೆ ನೋಡಿ, ಮರದ ಅಟ್ಟೆ ಹಾಕಿ ಕುಣಿದು ಹೆಸರಾದವರು ಟ್ಯಾಪ್‌ನ ಅದೇ ಬಿಲ್ ರಾಬಿನ್ಸನ್!

ಅಮೆರಿಕದ ಕ್ಲಾಗಿಂಗ್ ಅಪಲೇಶಿಯನ್ ಬೆಟ್ಟಗಳದ್ದು. 1928ರಲ್ಲಿ ಬ್ಯಾಸ್ಕಮ್ ಲಮಾರ್ ಲನ್ಸ್‌ಫರ್ಡ್ ನಾರ್ತ್ ಕೆರೊಲಿನಾದ ಆ್ಯಶ್‌ವಿಲ್‌ನಲ್ಲಿ ಜನಪದ ಹಬ್ಬ ಶುರುಮಾಡಿದ ಮೇಲೆ ತಂಡಗಳ ಸ್ಪರ್ಧೆಗೆ ಮೆರುಗು ಬಂತು. 1939ರಲ್ಲಿ ಸ್ಯಾಮ್ ಕ್ವೀನ್ ಅವರ ಸೋಕೊ ಗ್ಯಾಪ್ ತಂಡ ಶ್ವೇತಭವನದಲ್ಲಿ ಇಂಗ್ಲೆಂಡಿನ ರಾಜ ಆರನೇ ಜಾರ್ಜ್ ದಂಪತಿಯ ಮುಂದೆ ಕುಣಿಯಿತು. "ಇದು ನಮ್ಮ ಕ್ಲಾಗಿಂಗ್ ಥರ ಇದೆ" ಎಂದು ರಾಣಿ ಅಂದಿದ್ದಕ್ಕೇ ಈ ಹೆಸರು ನಿಂತಿತು ಎಂದೊಂದು ಕಥೆ ಇದೆ. ಕಥೆ ಚೆಂದ ಇದೆ, ಕಥೆ ಎಂದೇ ಕೇಳಿ.

ಟ್ಯಾಪ್‌ಗೂ ಇಂಥದ್ದೇ ಒಂದು ಸಲೀಸಾದ ಹುಟ್ಟುಕಥೆ ಇದೆ. 1739ರಲ್ಲಿ ಗುಲಾಮರು ಎದ್ದ ಸ್ಟೋನೊ ದಂಗೆಯ ನಂತರ, 1740ರಲ್ಲಿ ಸೌತ್ ಕೆರೊಲಿನಾ ಗುಲಾಮರಿಗೆ ಡೋಲು ನಿಷೇಧಿಸಿತು, ಲಯ ಕಾಲಿಗೆ ಇಳಿಯಿತು, ಟ್ಯಾಪ್ ಹುಟ್ಟಿತು. ಕಾನೂನು ನಿಜ, ನೋವೂ ನಿಜ. ಆದರೆ ಒಂದು ಕಾನೂನಿನಿಂದ ಒಂದು ಕಲೆ ಹುಟ್ಟುವುದಿಲ್ಲ. ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಕೊಳೆಗೇರಿಯಲ್ಲಿ ಕಪ್ಪು ಜನರೂ ಐರಿಷ್ ವಲಸಿಗರೂ ಗೋಡೆಗೆ ಗೋಡೆ ಒತ್ತಿಕೊಂಡು ಬದುಕಿದರು. ಒಬ್ಬರ ಹೆಜ್ಜೆ ಇನ್ನೊಬ್ಬರು ಕದ್ದರು. ಅಲ್ಲಿ ಹೆಸರು ಮಾಡಿದವರು ಮಾಸ್ಟರ್ ಜೂಬಾ ಎನಿಸಿಕೊಂಡ ವಿಲಿಯಂ ಹೆನ್ರಿ ಲೇನ್. 1844ರ ಹೊತ್ತಿಗೆ ಅವರೂ ಐರಿಷ್ ಮೂಲದ ಜಾನ್ ಡೈಮಂಡ್‌ರೂ ಪಂದ್ಯ ಕಟ್ಟಿ ಕುಣಿಯುತ್ತಿದ್ದರು. ಬೆಟ್ಟದ ಕ್ಲಾಗಿಂಗ್‌ನಲ್ಲೂ ಐರಿಷ್, ಸ್ಕಾಟಿಷ್, ಇಂಗ್ಲಿಷ್ ಹೆಜ್ಜೆಗಳ ಜೊತೆ ಕಪ್ಪು ಜನರ ಬಕ್ ಡಾನ್ಸ್ ಬೆರೆತಿದೆ. ಕಚ್ಚಾ ಸಾಮಾನು ಬಹುಪಾಲು ಒಂದೇ. ಅಡುಗೆ ಮಾತ್ರ ಬೇರೆ.

ಹಿಮ್ಮಡಿಯ ವಿಷಯದಲ್ಲೂ ಗೆರೆ ಗಟ್ಟಿಯಾಗಿಲ್ಲ. ರಾಬಿನ್ಸನ್ ಮುಂಗಾಲಲ್ಲೇ ಕುಣಿದರೆ, ಅವರ ನಂತರದ ಜಾನ್ ಬಬಲ್ಸ್ ಲಯವನ್ನು ಅರ್ಧಕ್ಕೆ ಇಳಿಸಿ ಹಿಮ್ಮಡಿಯನ್ನು ಕೆಳಗೆ ಬಿಟ್ಟರು. ಹಿಮ್ಮಡಿಗೆ ದಪ್ಪ ಸ್ವರ, ಮುಂಗಾಲಿಗೆ ತೆಳು ಸ್ವರ. ಆದರೆ ಅಲ್ಲೂ ಅದು ಒಂದು ಸ್ವರ ಮಾತ್ರ, ಮೈಯ ಭಾರ ಅಲ್ಲ.

ಟ್ಯಾಪ್ ನರ್ತಕರು ಲಾಳದ ಸ್ಕ್ರೂವನ್ನು ಒಂಚೂರು ಸಡಿಲ ಮಾಡಿಕೊಳ್ಳುವುದೂ ಇದೆ. ಒಂದು ಸುತ್ತಿಗಿಂತ ಕಡಿಮೆ ತಿರುಗಿಸಿದರೂ ಸದ್ದು ಬದಲಾಗುತ್ತದೆ, ಕ್ಲಾಗಿಂಗ್‌ನ ಝಣಝಣದ ಕಡೆಗೆ ಒಂದು ಹೆಜ್ಜೆ ಇಟ್ಟ ಹಾಗೆ. ಜಾಸ್ತಿ ತಿರುಗಿಸಿದರೆ ಲಾಳ ಕಿತ್ತು ಮುಂದಿನ ಸಾಲಿನವರ ಮಡಿಲಿಗೆ ಹಾರುತ್ತದೆ.