ಇಬ್ಬರದೂ ಕನ್ನಡವೇ, ಆದರೂ ಮಾತು ಯಾಕೆ ತಲುಪಲ್ಲ?

ಪ್ರಶ್ನೆ: ನಾನು ಧಾರವಾಡದವಳು. ಮನೆಯವರು, ಅಕ್ಕಪಕ್ಕದವರು ಎಲ್ಲರದೂ ಕನ್ನಡವೇ. ಆದರೂ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಬೇರೆಯೇ ಆಗಿ ಕೇಳುತ್ತದೆ. ಎಲ್ಲರೂ ಶುದ್ಧವಾಗಿ ಮಾತಾಡಿದರೆ ಈ ಗೊಂದಲ ಇರಲ್ಲ ಅಲ್ವಾ?

ಉತ್ತರ: ಆಗಲೂ ಇರುತ್ತದೆ. ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಭಾಷೆ ಶುದ್ಧವಾಗಿದ್ದರೆ ಸಾಕು ಅನ್ನುವ ನಂಬಿಕೆ ಜಪ್ಪಯ್ಯ ಅಂದರೂ ಹೋಗುತ್ತಿಲ್ಲ. ಅದರ ಬಾಲ ಹಿಡಿದು ಇನ್ನೊಂದು ಬರುತ್ತದೆ: "ಏನಂದ್ರಿ?" ಅಂತ ತಿರುಗಿ ಕೇಳಿದವರಿಗೆ ಭಾಷೆ ಬರಲ್ಲ, ಇಲ್ಲಾ ಗಮನ ಇಲ್ಲ. ಎರಡೂ ಸುಳ್ಳು. ಜನರ ದಿನನಿತ್ಯದ ಹರಟೆಯನ್ನು 12 ಭಾಷೆಗಳಲ್ಲಿ ರೆಕಾರ್ಡ್ ಮಾಡಿ ನೋಡಿದ ಸಂಶೋಧನೆಯೊಂದು 2015ರಲ್ಲಿ ಪ್ರಕಟವಾಯಿತು. ಇಟಾಲಿಯನ್, ರಷ್ಯನ್, ಮ್ಯಾಂಡರಿನ್, ಒಂದು ಸನ್ನೆ ಭಾಷೆ ಕೂಡ ಅದರಲ್ಲಿತ್ತು. ಕನ್ನಡ ಇರಲಿಲ್ಲ, ಇರಲಿ. ಎಲ್ಲರೂ ಮಾತಾಡಿದ್ದು ತಮ್ಮದೇ ಭಾಷೆ, ತಮ್ಮವರ ಜೊತೆಗೇ. ಆದರೂ ಸರಾಸರಿ 1.4 ನಿಮಿಷಕ್ಕೊಮ್ಮೆ ಯಾರಾದರೂ ತಡೆದು "ಏನು?", "ಯಾರು?" ಅಂತ ಕೇಳುತ್ತಿದ್ದರು! ಅದರಲ್ಲೂ ಬರೀ "ಏನು?" ಅನ್ನುವುದು ಬೇರೆ ದಾರಿ ಇಲ್ಲದಾಗ. ಅರ್ಧ ಕೇಳಿಸಿದ್ದರೆ ಆ ಅರ್ಧವನ್ನು ಹಿಡಿದು ಕೇಳುತ್ತಾರೆ.

ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಹೋಗಿ ನೋಡಿ. ಟೇಲರ್ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. "ಸ್ವಲ್ಪ ಲೂಸ್ ಇರ್ಲಿ" ಅಂದರೆ ಅವರು ಸುಮ್ನೆ ತಲೆಯಾಡಿಸಲ್ಲ. "ಹಾಕ್ಕೊಂಡ ಅಂಗಿಯಷ್ಟ ಸಾಕೇನ್ರಿ, ಇನ್ನೊಂದ ಬೆರಳ ಜಾಸ್ತಿ ಬೇಕೇನ್ರಿ?" ಅಂತಾರೆ. ಅವರ ಕನ್ನಡದಲ್ಲಿ ಸಾಲಿ ಮಾಸ್ತರರು ಹತ್ತು ತಪ್ಪು ಹುಡುಕಿಯಾರು. ಅಂಗಿ ಮಾತ್ರ ಮೈಗೆ ಸರಿಯಾಗಿ ಕೂರುತ್ತದೆ. ಅದೇ ನಮ್ಮ ಮನೆಗಳಲ್ಲಿ ನೋಡಿ, ಅಚ್ಚ ಕನ್ನಡದ ಅಪ್ಪ ಹೇಳುತ್ತಾರೆ, ಅಚ್ಚ ಕನ್ನಡದ ಮಗ "ಹೂಂ" ಅಂತಾನೆ. ಇಬ್ಬರೂ ಏನನ್ನೂ ತಿರುಗಿ ಕೇಳುವುದಿಲ್ಲ. ಸಂಜೆಗೆ ಜಗಳ.

ಹಾಗಾದರೆ ದೊಡ್ಡವರನ್ನು ತಿರುಗಿ ಕೇಳುವುದು ಹೇಗೆ? ನೀವಿದನ್ನು ಕೇಳಿಲ್ಲ, ಆದರೂ ಹೇಳುತ್ತೇನೆ. ಹೇಳಿದ್ದು ತಿಳಿಯಿತೋ ಇಲ್ಲವೋ ಅಂತ ನೋಡಿಕೊಳ್ಳುವುದು ಚಿಕ್ಕವರ ಕೆಲಸ ಅಲ್ಲ, ದೊಡ್ಡವರದು. "ತಿಳೀತಿಲ್ಲೋ?" ಅಂದರೆ ಇಡೀ ಕ್ಲಾಸು "ತಿಳೀತ್ರಿ ಸರ್" ಅನ್ನುತ್ತದೆ. ಪಾಠ ಮಾಡಿದ ಎಲ್ಲರಿಗೂ ಆ ಕೋರಸ್ಸಿನ ಬೆಲೆ ಗೊತ್ತು. ಒಳ್ಳೆಯ ಡಾಕ್ಟರುಗಳು ಹಾಗೆ ಕೇಳುವುದೇ ಇಲ್ಲ, ರೋಗಿಯ ಬಾಯಿಂದಲೇ ಹೇಳಿಸುತ್ತಾರೆ: "ಅಜ್ಜಾರ, ಮನಿಗೆ ಹೋಗಿ ಈ ಗುಳಗಿ ಹೆಂಗ ತಗೋತೀರಿ, ನನಗೊಮ್ಮೆ ಹೇಳ್ರಿ." ಅಜ್ಜ ತಪ್ಪು ಹೇಳಿದರೆ ಬೈಯುವ ಹಾಗಿಲ್ಲ. ಡಾಕ್ಟರೇ ಇನ್ನೊಮ್ಮೆ, ಬೇರೆ ಥರ ಹೇಳಬೇಕು.