ಟೇಪ್ ಲೂಪ್ ಅಂದರೆ ಏನು?

ಕ್ಯಾಸೆಟ್‌ನಿಂದ ಹೊರಗೆ ಬಂದ ಟೇಪನ್ನು ಪೆನ್ಸಿಲ್ ತೂರಿಸಿ ಒಳಗೆ ಸುತ್ತಿದ್ದು ನೆನಪಿದೆಯಾ? ಆ ಕಂದು ಪಟ್ಟಿಯಲ್ಲಿ ಒಂದು ತುಂಡು ಕತ್ತರಿಸಿ, ಎರಡೂ ತುದಿ ಸೇರಿಸಿ ಅಂಟಿಸಿದರೆ ದೊಡ್ಡ ಬಳೆಯ ಹಾಗಾಗುತ್ತದೆ. ಅದೇ ಟೇಪ್ ಲೂಪ್. ಮೆಷಿನ್‌ಗೆ ಹಾಕಿದರೆ ಒಂದೇ ಸದ್ದು ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ.

ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದವರು ಡೆಲಿಯಾ ಡರ್ಬಿಶೈರ್. ಹುಟ್ಟಿದ್ದು 1937ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಕೇಂಬ್ರಿಜ್‌ನಲ್ಲಿ ಗಣಿತ, ಸಂಗೀತ ಎರಡನ್ನೂ ಓದಿದವರು. 1962ರಲ್ಲಿ ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್ ಸೇರಿದರು. ರೇಡಿಯೋ, ಟೀವಿ ಕಾರ್ಯಕ್ರಮಗಳಿಗೆ ಹೊಸ ಹೊಸ ಸದ್ದು ಮಾಡಿಕೊಡುವುದೇ ಆ ವಿಭಾಗದ ಕೆಲಸ.

ಮರುವರ್ಷವೇ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತ ಅವರ ಕೈಗೆ ಬಂತು. ಸಂಗೀತ ಸಂಯೋಜಕ ರಾನ್ ಗ್ರೇನರ್ ಬರೆದುಕೊಟ್ಟ ಸ್ವರಗಳಿದ್ದವು. ಅದನ್ನು ಕೇಳುವ ಹಾಗೆ ಮಾಡಿದ್ದು ಡೆಲಿಯಾ. ಆಗ ಅಲ್ಲಿ ಕೀಬೋರ್ಡ್ ಸಿಂಥಸೈಜರ್ (ಕೀಲಿ ಒತ್ತಿದರೆ ವಿದ್ಯುತ್ತಿನಿಂದ ಸ್ವರ ಹೊರಡಿಸುವ ವಾದ್ಯ) ಇರಲಿಲ್ಲ. ಮೀಟಿದ ಒಂದು ತಂತಿಯ ಸದ್ದನ್ನು ರೆಕಾರ್ಡ್ ಮಾಡಿ, ಬೇರೆ ಬೇರೆ ವೇಗದಲ್ಲಿ ಓಡಿಸಿ ಬೇರೆ ಬೇರೆ ಸ್ವರ ಪಡೆದರು. ಟೇಪಿನ ವೇಗ ಎರಡು ಪಟ್ಟಾದರೆ ಮಧ್ಯ ಸ್ಥಾಯಿಯ ಸ ತಾರ ಸ್ಥಾಯಿಗೆ ಏರುತ್ತದೆ, ಅರ್ಧಕ್ಕಿಳಿಸಿದರೆ ಮಂದ್ರಕ್ಕೆ ಬರುತ್ತದೆ. ಇನ್ನು ತಾಳ? ಅದಕ್ಕೆ ಅಳತೆಪಟ್ಟಿ. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರ ಅಂದರೆ ಏಳೂವರೆ ಇಂಚಿನ ತುಂಡು. ಬ್ಲೇಡಿನಲ್ಲಿ ಕತ್ತರಿಸಬೇಕು, ಅಂಟಿಸಬೇಕು. ಒಂದೊಂದು ಸ್ವರಕ್ಕೂ ಹೀಗೇ. ಹೂ ಕಟ್ಟುವವರ ತಾಳ್ಮೆ ಬೇಕು ಅಲ್ವಾ?

ಗ್ರೇನರ್ ಕೇಳಿ ಬೆರಗಾದರು, ಹೆಸರಿನಲ್ಲಿ ಡೆಲಿಯಾಗೂ ಪಾಲು ಕೊಡಬೇಕು ಅಂದರು. ವರ್ಕ್‌ಶಾಪಿನವರ ಹೆಸರು ಹಾಕುವ ಪದ್ಧತಿ ಬಿಬಿಸಿಯಲ್ಲಿ ಇರಲಿಲ್ಲ. ಇದು ದೊಡ್ಡ ಅನ್ಯಾಯ ಅಂತಲೇ ನನ್ನ ಅನಿಸಿಕೆ. ಆ ಧಾರಾವಾಹಿಯ ತೆರೆಯ ಮೇಲೆ ಅವರ ಹೆಸರು ಬಂದಿದ್ದು 2013ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು.

ಅವರಿಗೆ ಪ್ರಿಯವಾದ ವಾದ್ಯ ಯಾವುದು ಗೊತ್ತಾ? ಹಸಿರು ಬಣ್ಣದ ಲೋಹದ ಲ್ಯಾಂಪ್‌ಶೇಡ್, ಹಳೇದು. ಅದನ್ನು ತಟ್ಟಿ ರೆಕಾರ್ಡ್ ಮಾಡಿ, ‘ಠಣ್’ ಅನ್ನುವ ಮೊದಲ ಪೆಟ್ಟನ್ನು ತೆಗೆದುಬಿಡುತ್ತಿದ್ದರು. ಉಳಿಯುವುದು ಗುಂಯ್‌ಗುಡುವ ನಾದ ಮಾತ್ರ. ದೇವಸ್ಥಾನದ ಗಂಟೆ ಹೊಡೆದ ಮೇಲೆ ಕಿವಿಯಲ್ಲಿ ಉಳಿಯುತ್ತದಲ್ಲ, ಹಾಗೆ. ಸಹಾರಾದ ಟುವಾರೆಗ್ ಜನರ ಕುರಿತ ಸಾಕ್ಷ್ಯಚಿತ್ರಕ್ಕೆ ಈ ನಾದವನ್ನೇ ಬಳಸಿದರು. ಪೆಟ್ಟು ಕೇಳದಿದ್ದರೆ ಅದು ಯಾವ ವಸ್ತುವಿನ ಸದ್ದು ಅಂತಲೇ ತಿಳಿಯುವುದಿಲ್ಲ. ಎಲ್ಲೋ ದೂರದಿಂದ ಗಾಳಿಯಲ್ಲಿ ತೇಲಿ ಬಂದ ಹಾಗಿರುತ್ತದೆ.

1973ರಲ್ಲಿ ಬಿಬಿಸಿ ಬಿಟ್ಟರು. 2001ರಲ್ಲಿ ತೀರಿಕೊಂಡ ಮೇಲೆ ಅವರ ಮನೆಯ ಅಟ್ಟದಲ್ಲಿ 267 ಟೇಪ್‌ಗಳು ಸಿಕ್ಕವು. ಈಗ ಅವು ಮ್ಯಾಂಚೆಸ್ಟರ್‌ನಲ್ಲಿವೆ.